ಅಕ್ಕೋರ ಕಾರು ಮತ್ತು ಗಾಳಿಯ ದಾರಿ

ಶಿರಸಿಯ ಆ ಬಂಕಿಗೆ ಬಿಳಿ ಬಣ್ಣದ ಸಣ್ಣ ಕಾರು ಬಂತೆಂದರೆ ಹಿಂದೆ ನಿಂತವರು ಪಕ್ಕದ ಸಾಲಿಗೆ ಸರಿದುಬಿಡುತ್ತಿದ್ದರು. ಪೆಟ್ರೋಲ್ ಗನ್ ಒಳಗಿಟ್ಟು ಹಿಡಿ ಒತ್ತಿದ ಕೂಡಲೇ ಟಕ್ ಎಂದು ನಿಲ್ಲುತ್ತಿತ್ತು. ಮತ್ತೆ ಒತ್ತಿದರೆ ಮತ್ತೆ ಟಕ್. ಮೀಟರ್ ಅರ್ಧ ಲೀಟರ್ ದಾಟುವುದರೊಳಗೆ ಇನ್ನೊಮ್ಮೆ ಟಕ್. 35 ಲೀಟರ್ ಹಿಡಿಯುವ ಟ್ಯಾಂಕಿನಲ್ಲಿ ತಳಮಟ್ಟದ ಪೆಟ್ರೋಲ್ ಮಾತ್ರ ಇರುತ್ತಿತ್ತು, ಮುಳ್ಳು ಕೆಂಪು ಗೆರೆಯ ಮೇಲೆ ಕೂತಿರುತ್ತಿತ್ತು. ಆದರೂ ಗನ್ ಮಾತ್ರ ಟ್ಯಾಂಕ್ ತುಂಬಿತೆಂದು ಹೇಳುತ್ತಲೇ ಇರುತ್ತಿತ್ತು.

ಕಾರು ಶಿರಸಿ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದ ಶಿಕ್ಷಕಿಯದು. ಊರಿನವರಿಗೆಲ್ಲ ಅವರು ಅಕ್ಕೋರು. ಗಂಡನ ಮನೆ ಶಿರಸಿಯ ಕಡೆ, ತವರು ಕುಮಟಾದ ಹತ್ತಿರ. ಆ ವರ್ಷಗಳಲ್ಲಿ ತಾಯಿಗೆ ಕಾಯಿಲೆ. ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗುವುದು, ತಾಯಿಯನ್ನು ಕರೆದುಕೊಂಡು ಮತ್ತೆ ಘಟ್ಟ ಹತ್ತಿ ಹುಬ್ಬಳ್ಳಿಯ ಆಸ್ಪತ್ರೆಗೆ ಹೊರಡುವುದು, ಇದು ಪದೇ ಪದೇ ನಡೆಯುತ್ತಿತ್ತು. ಶಿರಸಿಯಿಂದ ಹುಬ್ಬಳ್ಳಿ ಸುಮಾರು ನೂರು ಕಿಲೋಮೀಟರ್. ಹಿಂದಿನ ಸೀಟಿನಲ್ಲಿ ಸಂಕಟಪಡುತ್ತಿರುವ ತಾಯಿ, ಹೊರಗೆ ಮಳೆಗಾಲದ ಜಡಿಮಳೆ. ಹಾಗಿರುವಾಗ ಹತ್ತು ಲೀಟರ್ ಪೆಟ್ರೋಲಿಗಾಗಿ ಬಂಕಿನಲ್ಲಿ ಕಾಲು ಗಂಟೆ ನಿಲ್ಲುವುದೆಂದರೆ ಏನೆಂದು ಅಕ್ಕೋರಿಗೆ ಚೆನ್ನಾಗಿ ಗೊತ್ತು. ಬರಿಯ ಕಿರಿಕಿರಿಯೆಂದು ಅದನ್ನು ಅವರು ಎಂದೂ ಕರೆದಿಲ್ಲ.

ಹಿಂದಿನ ಸಾಲಿನ ಜನ ಬೈಯುತ್ತಿದ್ದದ್ದು ಕಾರನ್ನಲ್ಲ, ಪೆಟ್ರೋಲ್ ಹಾಕುವವರನ್ನು. "ಬೇಕಂತಲೇ ಕಟ್ ಮಾಡ್ತಾರೆ, ತುಂಡು ತುಂಡು ಹಾಕಿದ್ರೆ ಅಳತೆಲಿ ಹೊಡೀಬಹುದು" ಎಂಬ ಮಾತು ಎಷ್ಟೋ ಸಲ ಕಿವಿಗೆ ಬಿದ್ದಿತ್ತು. ಬಂಕಿನಲ್ಲಿ ಆಗ ಹೊಸದಾಗಿ ಕೆಲಸಕ್ಕೆ ಸೇರಿದ್ದ ಹೆಂಗಸೊಬ್ಬಳು ಇದನ್ನೆಲ್ಲ ಕೇಳಿಯೂ ಕೇಳದವಳಂತೆ ಗನ್ ಹಿಡಿದು ನಿಲ್ಲುತ್ತಿದ್ದಳು. ಕಾರಿನ ಬಾಯಿಯಿಂದ ಪೆಟ್ರೋಲ್ ಹಿಂದಕ್ಕೆ ಚಿಮ್ಮಿ ಅವಳ ಕೈಮೇಲೆ, ಸೀರೆಯ ಮೇಲೆ ಹಾಕಿಕೊಂಡ ಅಂಗಿಯ ತೋಳಿನ ಮೇಲೆ ಬೀಳುತ್ತಿತ್ತು.

ಒಂದು ಸಂಜೆ ಅವಳೇ ಒಳಗಿನಿಂದ ಅಳತೆಯ ಪಾತ್ರೆ ತಂದಳು. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿರುವ 5 ಲೀಟರಿನ ಪಾತ್ರೆಯದು. ಪ್ರತಿ ಬಂಕಿನಲ್ಲೂ ಅದು ಇರಲೇಬೇಕು, ಗಿರಾಕಿ ಕೇಳಿದರೆ ಅದರಲ್ಲಿ ಅಳೆದು ತೋರಿಸಬೇಕು. 5 ಲೀಟರಿಗೆ 25 ಮಿಲಿಲೀಟರ್‌ನಷ್ಟು ಹೆಚ್ಚು ಕಡಿಮೆಯನ್ನು ಮಾತ್ರ ನಿಯಮ ಒಪ್ಪುತ್ತದೆ. ಅವಳು ಅದೇ ಗನ್ನಿನಿಂದ ಪಾತ್ರೆಗೆ ಪೆಟ್ರೋಲ್ ಬಿಟ್ಟಳು. ಒಂದೇ ಧಾರೆ, ಒಂದು ಸಲವೂ ಕಟ್ ಆಗಲಿಲ್ಲ. ಪೆಟ್ರೋಲ್ ಗೆರೆಗೆ ಸರಿಯಾಗಿ ಬಂದು ನಿಂತಿತು.

"ನೋಡಿ ಅಕ್ಕೋರೇ, ಪಂಪಿಂದೇನೂ ತೊಂದ್ರೆ ಇಲ್ಲ. ಬೇರೆ ಗಾಡಿಗೂ ಹಿಂಗಾಗೂದಿಲ್ಲ. ನಿಮ್ಮ ಗಾಡಿ ಒಳಗಿನ ಗಾಳಿ ಹೊರಗೆ ಬರ್ತಾ ಇಲ್ಲ. ಉಸಿರು ಕಟ್ಟಿದವ್ರಿಗೆ ಗಂಜಿ ಕುಡಿಸಿದ ಹಂಗೆ ಆಗ್ತದೆ."

ಕಾರಿನ ರೋಗವನ್ನು ಮೊದಲು ಸರಿಯಾಗಿ ಗುರುತಿಸಿದ್ದು ಈ ಮಾತು. ಗ್ಯಾರೇಜಿನವರಾಗಲಿ ಶೋರೂಮಿನವರಾಗಲಿ ಅಷ್ಟು ಹೊತ್ತಿಗೆ ಈ ದಿಕ್ಕಿನಲ್ಲಿ ಯೋಚಿಸಿರಲಿಲ್ಲ.

ಗನ್ ತಾನಾಗಿ ನಿಲ್ಲುವುದರ ಹಿಂದೆ ಕರೆಂಟೂ ಇಲ್ಲ, ಸೆನ್ಸರೂ ಇಲ್ಲ. ಗನ್ನಿನ ಮೂತಿಯ ತುದಿಗೆ ಹತ್ತಿರದಲ್ಲಿ ಒಂದು ಸಣ್ಣ ತೂತಿರುತ್ತದೆ. ಅಲ್ಲಿಂದ ಸಪೂರ ಕೊಳವೆಯೊಂದು ಒಳಗೇ ಹಾದು ಹಿಡಿಯ ಹತ್ತಿರದ ರಬ್ಬರ್ ಪೊರೆಯವರೆಗೆ ಹೋಗುತ್ತದೆ. ಪೆಟ್ರೋಲ್ ಗನ್ನಿನ ಇಕ್ಕಟ್ಟಾದ ಜಾಗದಲ್ಲಿ ರಭಸದಿಂದ ನುಗ್ಗುವಾಗ ಅಲ್ಲಿ ಒತ್ತಡ ಇಳಿಯುತ್ತದೆ. ಆ ಸೆಳೆತಕ್ಕೆ ತೂತಿನಿಂದ ಗಾಳಿ ಒಳಗೆ ಹರಿಯುತ್ತದೆ. ಗಾಳಿ ಹರಿಯುತ್ತಿರುವವರೆಗೂ ಪೊರೆ ಸುಮ್ಮನಿರುತ್ತದೆ. ಪೆಟ್ರೋಲ್ ಮೇಲೇರಿ ತೂತನ್ನು ಮುಚ್ಚಿತೆಂದರೆ ಗಾಳಿ ನಿಲ್ಲುತ್ತದೆ, ಸೆಳೆತಕ್ಕೆ ಪೊರೆ ಜಗ್ಗುತ್ತದೆ, ಅದಕ್ಕೆ ಸೇರಿಸಿದ ಕೊಂಡಿ ಕಳಚಿ ಕವಾಟ ಮುಚ್ಚಿಕೊಳ್ಳುತ್ತದೆ. ಕೇಳಿಸುವ ಟಕ್ ಆ ಕೊಂಡಿಯದು. ಪಾಠದ ಪುಸ್ತಕಗಳಲ್ಲಿ ಬರ್ನೌಲಿ, ವೆಂಚುರಿ ಎಂಬ ಹೆಸರುಗಳ ಜೊತೆ ಬರುವ ತತ್ತ್ವವೇ ಇದು.

ತಾನಾಗಿ ನಿಲ್ಲುವ ಗನ್ ಹುಟ್ಟಿದ್ದು ಕಾರಿಗಾಗಿ ಅಲ್ಲ, ಪೀಪಾಯಿಗಾಗಿ. 1939ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಓಲಿಯನ್ ಊರಿನಲ್ಲಿ ಸೊಕೊನಿ-ವ್ಯಾಕ್ಯೂಮ್ ಕಂಪನಿಯ ರಿಚರ್ಡ್ ಕಾರ್ಸನ್ ಅಂಥ ಗನ್ನೊಂದನ್ನು ರೂಪಿಸಿದರು. ಒಬ್ಬ ಕೆಲಸಗಾರ ಒಂದೊಂದೇ ಪೀಪಾಯಿಯ ಮುಂದೆ ಕಾಯುತ್ತ ನಿಲ್ಲುವುದನ್ನು ಅವರು ನೋಡಿದ್ದರು. ಒಂದೇ ಸಲಕ್ಕೆ ಹಲವು ಪೀಪಾಯಿ ತುಂಬುವಂತಾಗಬೇಕೆಂಬುದು ಅವರ ಉದ್ದೇಶವಾಗಿತ್ತು. ತೆರೆದ ಪೀಪಾಯಿಯಿಂದ ಗಾಳಿ ಹೊರಬೀಳಲು ಅಡ್ಡಿಯೇ ಇಲ್ಲ. ಕಾರಿನ ಟ್ಯಾಂಕಿನ ಕಥೆ ಬೇರೆ.

ಟ್ಯಾಂಕ್ ಖಾಲಿ ಎಂದು ನಾವು ಹೇಳುವಾಗಲೂ ಅದು ಖಾಲಿ ಇರುವುದಿಲ್ಲ, ಗಾಳಿ ಮತ್ತು ಪೆಟ್ರೋಲ್ ಆವಿಯಿಂದ ತುಂಬಿರುತ್ತದೆ. ಒಂದು ಲೀಟರ್ ಪೆಟ್ರೋಲ್ ಒಳಗೆ ಹೋಗಬೇಕಾದರೆ ಒಂದು ಲೀಟರ್ ಗಾಳಿ ಅದೇ ಹೊತ್ತಿಗೆ ಹೊರಗೆ ಬರಬೇಕು. ಪಂಪ್ ನಿಮಿಷಕ್ಕೆ ಮೂವತ್ತು ಲೀಟರ್ ವೇಗದಲ್ಲಿ ಸುರಿಯುತ್ತಿದ್ದರೆ ಅಷ್ಟೇ ಗಾಳಿ ಅಷ್ಟೇ ವೇಗದಲ್ಲಿ ಹೊರಬೀಳಬೇಕು. ಅದಕ್ಕೆಂದೇ ಪೆಟ್ರೋಲ್ ಇಳಿಯುವ ದಪ್ಪ ಪೈಪಿನ ಪಕ್ಕದಲ್ಲಿ ಸಣ್ಣದೊಂದು ಪೈಪ್ ಟ್ಯಾಂಕಿನ ನೆತ್ತಿಯಿಂದ ಹೊರಟು ಮುಚ್ಚಳದ ಹತ್ತಿರಕ್ಕೆ ಬರುತ್ತದೆ. ಗ್ಯಾರೇಜಿನವರು ಅದಕ್ಕೆ ಬ್ರೀದರ್ ಪೈಪ್ ಎನ್ನುತ್ತಾರೆ. ಅದು ಕಟ್ಟಿಕೊಂಡರೆ ಒಳಗಿನ ಗಾಳಿ ಪೆಟ್ರೋಲ್ ಇಳಿಯುವ ದಪ್ಪ ಪೈಪಿನಲ್ಲೇ ನುಗ್ಗಿ ಮೇಲೆ ಬರುತ್ತದೆ, ಪೆಟ್ರೋಲನ್ನು ತಳ್ಳಿಕೊಂಡು ಬರುತ್ತದೆ. ಆ ಪೆಟ್ರೋಲ್ ಗನ್ನಿನ ತೂತಿಗೆ ಬಡಿಯುತ್ತದೆ. ತುಂಬಿದ ಟ್ಯಾಂಕಿನ ಪೆಟ್ರೋಲ್ ಯಾವುದು, ಹಿಂದಕ್ಕೆ ಚಿಮ್ಮಿದ ಪೆಟ್ರೋಲ್ ಯಾವುದು ಎಂದು ತೂತಿಗೆ ತಿಳಿಯುವುದಿಲ್ಲ.

ಹಾಗಿದ್ದರೂ ಸರಿಯಾದ ಉತ್ತರದಿಂದ ಸರಿಯಾದ ರಿಪೇರಿಗೆ ತಲುಪಲು ದಾರಿ ಉದ್ದವಿತ್ತು. ಒಂದು ಗ್ಯಾರೇಜಿನಲ್ಲಿ ಮುಚ್ಚಳ ಬದಲಿಸಿದರು. ಪೆಟ್ರೋಲ್ ಹಾಕುವಾಗ ಮುಚ್ಚಳ ಹೇಗೂ ತೆರೆದೇ ಇರುತ್ತದಾದ್ದರಿಂದ ಅದರಿಂದ ಏನೂ ಆಗಲಿಲ್ಲ. ಇನ್ನೊಂದು ಕಡೆ ಟ್ಯಾಂಕನ್ನೇ ಹೊಸದಾಗಿ ಹಾಕಬೇಕೆಂದು ಎಸ್ಟಿಮೇಟ್ ಬರೆದುಕೊಟ್ಟರು, ಅದು ಶಿಕ್ಷಕಿಯ ಸಂಬಳವನ್ನು ಮೀರಿತ್ತು. ಮತ್ತೊಬ್ಬರು ಇದ್ದಿಲಿನ ಡಬ್ಬಿ, ಅಂದರೆ ಚಾರ್‌ಕೋಲ್ ಕ್ಯಾನಿಸ್ಟರ್, ಹೋಗಿದೆ ಎಂದರು. ಆ ಊಹೆ ಪೂರ್ತಿ ತಳವಿಲ್ಲದ್ದಲ್ಲ. ಟ್ಯಾಂಕಿನ ಆವಿ ಬೀದಿಯ ಗಾಳಿಗೆ ಸೇರದಂತೆ ಹಿಡಿದಿಡಲು ಪೆಟ್ರೋಲ್ ಕಾರುಗಳಲ್ಲಿ ಈ ಡಬ್ಬಿ ಇರುತ್ತದೆ. ಒಳಗೆ ತುಂಬಿರುವ ಸಕ್ರಿಯ ಇದ್ದಿಲಿನ ಒಂದು ಗ್ರಾಮಿನಲ್ಲಿ ಸೂಕ್ಷ್ಮ ರಂಧ್ರಗಳ ಗೋಡೆಯನ್ನೆಲ್ಲ ಬಿಡಿಸಿ ಹರವಿದರೆ ಸಾವಿರ ಚದರ ಮೀಟರಿನಷ್ಟು ಹರಹು ಸಿಗುತ್ತದೆ, ಆವಿ ಅಲ್ಲಿ ಅಂಟಿಕೊಳ್ಳುತ್ತದೆ. ಎಂಜಿನ್ ಓಡುವಾಗ ಒಂದು ಕವಾಟ ತೆರೆದು, ಹೊರಗಿನ ಗಾಳಿ ಡಬ್ಬಿಯ ಮೂಲಕ ಹಾದು, ಆವಿಯನ್ನು ಎಂಜಿನ್ನಿಗೆ ಎಳೆದೊಯ್ದು ಉರಿಸುತ್ತದೆ.

ಅಮೆರಿಕದಲ್ಲಿ 1998ರ ಮಾದರಿಗಳಿಂದ ಹಂತಹಂತವಾಗಿ ಬಂದ ನಿಯಮದಂತೆ, ಪೆಟ್ರೋಲ್ ತುಂಬುವಾಗ ಹೊರಬೀಳುವ ಆವಿಯೂ ಈ ಡಬ್ಬಿಯ ಮೂಲಕವೇ ಹೋಗಬೇಕು. ಅಂಥ ಕಾರುಗಳಲ್ಲಿ ಡಬ್ಬಿಯ ಹೊರಬಾಯಿ ಕಟ್ಟಿದರೆ ಪೆಟ್ರೋಲ್ ತುಂಬುವುದು ತೀರಾ ಕಷ್ಟ. ಗನ್ ಕಟ್ ಆದ ಮೇಲೂ ಒತ್ತಿ ಒತ್ತಿ ಕತ್ತಿನವರೆಗೆ ತುಂಬಿಸುವುದರಿಂದ ಆವಿಯ ಬದಲು ಪೆಟ್ರೋಲೇ ಡಬ್ಬಿಗೆ ಹರಿದು ಇದ್ದಿಲು ತೊಯ್ದುಹೋಗುವುದೂ ಉಂಟು. ಕೆಲವು ಸಲ ಕಾರಣ ಹುಳ ಹುಪ್ಪಟೆ. 2011ರ ಮಾರ್ಚ್‌ನಲ್ಲಿ ಮಜ್ದಾ ಕಂಪನಿ ಉತ್ತರ ಅಮೆರಿಕದಲ್ಲಿ ಸುಮಾರು 65 ಸಾವಿರ ಮಜ್ದಾ-6 ಕಾರುಗಳನ್ನು ವಾಪಸ್ ಕರೆಸಿತು. ಹಳದಿ ಬಣ್ಣದ ಒಂದು ಜಾತಿಯ ಜೇಡ, ಡಬ್ಬಿಯ ಗಾಳಿಕೊಳವೆಯೊಳಗೆ ಬಲೆ ನೇಯುತ್ತಿತ್ತು. ಗಾಳಿ ಒಳಗೆ ಬಾರದೆ, ಪೆಟ್ರೋಲ್ ಖರ್ಚಾದಂತೆಲ್ಲ ಟ್ಯಾಂಕಿನಲ್ಲಿ ನಿರ್ವಾತ ಬೆಳೆದು ಟ್ಯಾಂಕ್ ಬಿರುಕು ಬಿಡುವ ಅಪಾಯವಿತ್ತು. ಜೇಡ ಒಳನುಸುಳದಂತೆ ಕೊಳವೆಗೆ ಸ್ಪ್ರಿಂಗ್ ಹಾಕಿಕೊಟ್ಟರು. 2014ರಲ್ಲಿ ಜೇಡದ ಕಾರಣಕ್ಕೇ ಮತ್ತೆ 42 ಸಾವಿರ ಕಾರುಗಳನ್ನು ಕರೆಸಬೇಕಾಯಿತು.

ಅಕ್ಕೋರ ಕಾರಿನ ಡಬ್ಬಿಗೆ ಏನೂ ಆಗಿರಲಿಲ್ಲ. ಅದನ್ನು ಖಚಿತವಾಗಿ ಹೇಳಿದವರು ಯಲ್ಲಾಪುರ ರಸ್ತೆಯ ತಗಡಿನ ಶೆಡ್ಡಿನ ಹಿರಿಯ ಮೇಸ್ತ್ರಿ. ಅವರು ಬಾನೆಟ್ ಎತ್ತಲಿಲ್ಲ, ಸ್ಪ್ಯಾನರ್ ಮುಟ್ಟಲಿಲ್ಲ. ಮೊದಲು ಮಾತಾಡಿಸಿದರು.

"ಯಾವಾಗಿಂದ ಹಿಂಗಾಗ್ತದೆ ಅಕ್ಕೋರೇ?"

"ಎರಡು ಮಳೆಗಾಲ ಆಯ್ತು."

"ಅದರ ಮುಂಚೆ ಏನಾದ್ರೂ ಕೆಲಸ ಮಾಡಿಸಿದ್ರಾ? ಹಿಂದಿನ ಭಾಗದಲ್ಲಿ?"

ಮಾಡಿಸಿದ್ದರು. ಟ್ಯಾಂಕಿನೊಳಗಿನ ಪೆಟ್ರೋಲ್ ಮೋಟಾರ್ ಸುಟ್ಟು ಬೇರೆ ಊರಿನಲ್ಲಿ ಹೊಸದನ್ನು ಹಾಕಿಸಿದ್ದರು. ಆ ಮಾದರಿಯಲ್ಲಿ ಟ್ಯಾಂಕ್ ಇಳಿಸದೆ ಮೋಟಾರ್ ಕೈಗೆ ಸಿಗುವುದಿಲ್ಲ. ಇಳಿಸುವಾಗ ಪೈಪುಗಳನ್ನೆಲ್ಲ ಬಿಚ್ಚಲೇಬೇಕು.

"ಘಟ್ಟ ಹತ್ತಿ ಬಂದ ಮೇಲೆ ಜಾಸ್ತಿ ತೊಂದ್ರೆ ಕೊಡ್ತದಾ?"

ಹೌದು ಎಂದರು ಅಕ್ಕೋರು. ದೇವಿಮನೆ ಘಟ್ಟದ ತಿರುವುಗಳನ್ನು ದಾಟಿ ಬಂದ ದಿನ ಕಾರು ತೀರಾ ಹಟ ಮಾಡುತ್ತಿತ್ತು, ವಾರಗಟ್ಟಲೆ ನಿಂತಿದ್ದರೆ ಸ್ವಲ್ಪ ಸಲೀಸಾಗುತ್ತಿತ್ತು. ಅದನ್ನು ಗಮನಿಸಿದ್ದರು, ಆದರೆ ಹೇಳಿ ಎಂದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಮೇಸ್ತ್ರಿ ತಲೆಯಾಡಿಸಿದರು. ಕೊಳವೆಯಲ್ಲಿ ಕಸವೋ ಜೇಡನೋ ಇದ್ದರೆ ಘಟ್ಟಕ್ಕೂ ಬಯಲಿಗೂ ವ್ಯತ್ಯಾಸ ಇರಬಾರದು. ತೊಂದರೆ ಏರಿ ಇಳಿಯುತ್ತದೆಂದರೆ ದಾರಿ ಕಟ್ಟುತ್ತಿರುವುದು ಬಂದು ಹೋಗುವ ವಸ್ತು, ಅಂದರೆ ಪೆಟ್ರೋಲೇ.

ಮರುದಿನ ಟ್ಯಾಂಕ್ ಆದಷ್ಟು ಖಾಲಿ ಮಾಡಿಸಿಕೊಂಡೇ ಅವರು ಕೆಲಸಕ್ಕೆ ಕೈಹಾಕಿದ್ದು. ಶೆಡ್ಡಿನಲ್ಲಿ ಕೆಳಗಿಳಿದು ಕೆಲಸ ಮಾಡುವ ಗುಂಡಿ ಇತ್ತು, ಆದರೆ ಕಾರನ್ನು ಅಲ್ಲಿಗೆ ಒಯ್ಯಲಿಲ್ಲ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ಹರಿದು ಬಂದು ತಗ್ಗಿನಲ್ಲಿ ನಿಲ್ಲುತ್ತದೆ. ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿಯನ್ನು ಪೆಟ್ರೋಲ್ ಬಿಡುತ್ತದೆ. ಕಾರನ್ನು ಬಯಲಿಗೆ ತಳ್ಳಿಸಿ, ಬ್ಯಾಟರಿಯ ವೈರ್ ಬಿಚ್ಚಿಸಿ, ಮರಳಿನ ಬಕೆಟ್ ಪಕ್ಕದಲ್ಲಿಡಿಸಿದರು. "ತಮಾ, ಮೊಬೈಲು ಒಳಗೆ ಇಟ್ಟು ಬಾ" ಎಂದು ಕೆಲಸದ ಹುಡುಗನಿಗೆ ಹೇಳಿದರು. ಅಕ್ಕೋರು ಅಷ್ಟು ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತರು.

ಹಿಂದಿನ ಚಕ್ರ ಕಳಚಿ, ಒಳಗಿನ ಮಣ್ಣುತಡೆ ಪ್ಲಾಸ್ಟಿಕ್ ತೆಗೆದಾಗ ಎಲ್ಲ ಕಾಣಿಸಿತು. ಬ್ರೀದರ್ ಪೈಪ್ ಟ್ಯಾಂಕಿನಿಂದ ಮುಚ್ಚಳದವರೆಗೂ ಒಂದೇ ಸಮ ಮೇಲೇರುತ್ತ ಬರಬೇಕಿತ್ತು. ಮೋಟಾರ್ ಬದಲಿಸಿದ ಕಡೆ ಅದನ್ನು ಹಿಡಿದಿಡುವ ಕ್ಲಿಪ್ ಮರಳಿ ಹಾಕಿರಲಿಲ್ಲ, ಹಳೆಯ ರಬ್ಬರ್ ಪೈಪಿನ ಬದಲು ಬೇಕಾದ್ದಕ್ಕಿಂತ ಉದ್ದದ ತುಂಡೊಂದನ್ನು ಸೇರಿಸಿದ್ದರು. ಪೈಪ್ ನಡುವೆ ಜೋತುಬಿದ್ದು ಕೆಳಗೆ ಬಾಗಿತ್ತು. ಟ್ಯಾಂಕ್ ತುಂಬಿದಾಗ, ಘಟ್ಟದ ತಿರುವಿನಲ್ಲಿ ಪೆಟ್ರೋಲ್ ತುಳುಕಿದಾಗ, ಅಷ್ಟಿಷ್ಟು ಆ ಬಾಗಿಗೆ ಬಂದು ನಿಲ್ಲುತ್ತಿತ್ತು. ಗಾಳಿ ಅದನ್ನು ದಾಟಿ ಬರಬೇಕಿತ್ತು. ಗನ್ನನ್ನು ಬೆರಳಿನಲ್ಲಿ ಹಗುರವಾಗಿ ಹಿಡಿದರೆ ಗಾಳಿ ಗುಳುಗುಳು ಎಂದು ದಾಟಿ ಬರುತ್ತಿತ್ತು, ಪೂರ್ತಿ ಒತ್ತಿದರೆ ದಾಟಲಾಗದೆ ಬೇರೆ ದಾರಿ ಹಿಡಿಯುತ್ತಿತ್ತು. ದಿನಗಟ್ಟಲೆ ನಿಂತರೆ ಆ ಪೆಟ್ರೋಲ್ ಆರಿ ಪೈಪ್ ತೆರವಾಗುತ್ತಿತ್ತು. ಅಕ್ಕೋರು ಕಂಡಿದ್ದ ಒಂದೊಂದು ವಿಚಿತ್ರಕ್ಕೂ ಅಲ್ಲಿ ಉತ್ತರವಿತ್ತು.

ಮೇಸ್ತ್ರಿ ಪೈಪ್ ಬಿಚ್ಚಿ ಬಾಗಿಸಿದರು, ಬಟ್ಟಲಿನಲ್ಲಿ ಪೆಟ್ರೋಲ್ ಬಿತ್ತು. ಪೆಟ್ರೋಲಿಗೆಂದೇ ಬರುವ ಹೊಸ ರಬ್ಬರ್ ಪೈಪನ್ನು ಅಳತೆಗೆ ಕತ್ತರಿಸಿ, ಎರಡೂ ತುದಿಗೆ ರಿಂಗ್ ಕ್ಲಿಪ್ ಬಿಗಿದು, ನಡುವೆ ಬಾಡಿಗೆ ತಾಗಿಸಿ ಕಟ್ಟಿದರು. ಟ್ಯಾಂಕಿನ ನೆತ್ತಿಯ ಕವಾಟ ಅಂಟಿಕೊಂಡಿಲ್ಲವೆಂದು ನೋಡಿದರು. ಕಾರು ಮಗುಚಿದರೆ ಪೆಟ್ರೋಲ್ ಹೊರಚೆಲ್ಲದಂತೆ ತಡೆಯುವ ಕವಾಟವದು. ದಪ್ಪ ಪೈಪಿನ ಒಳಗೆ ತುಕ್ಕಿನ ಚಕ್ಕೆ ಎದ್ದಿಲ್ಲವೆಂದು ಬೆಳಕಿಗೆ ಹಿಡಿದು ನೋಡಿದರು. ಸಾಮಾನಿಗೂ ಕೂಲಿಗೂ ಸೇರಿ ಅವರು ತೆಗೆದುಕೊಂಡ ಹಣ ಆ ಟ್ಯಾಂಕಿನ ಎಸ್ಟಿಮೇಟಿನ ಮುಂದೆ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಹೊರಡುವಾಗ ಒಂದು ಮಾತು ಹೇಳಿದರು. "ಇನ್ನು ಕಾಲು ಟ್ಯಾಂಕಿಗಿಂತ ಕೆಳಗೆ ಬಿಡ್ಬೇಡಿ ಅಕ್ಕೋರೇ. ಮೋಟಾರು ಪೆಟ್ರೋಲಲ್ಲಿ ಮುಳುಗಿದ್ರೇ ತಂಪಾಗಿರೂದು." ತುಂಬಿಸುವುದೇ ಕಷ್ಟವಾಗಿದ್ದ ಕಾರನ್ನು ಜನ ತಳಮಟ್ಟದ ಪೆಟ್ರೋಲಿನಲ್ಲೇ ಓಡಿಸುತ್ತಾರೆ, ಅದರಿಂದ ಹೊಸ ಮೋಟಾರಿಗೂ ಕಂಟಕ ಕಾದಿತ್ತು.

ಅದೇ ಸಂಜೆ ಬಂಕಿನಲ್ಲಿ ಗನ್ ಒಂದೇ ಧಾರೆಯಲ್ಲಿ ಹರಿಯಿತು. ಆ ಹೆಂಗಸು ಮೀಟರ್ ನೋಡಿದಳು, ಅಕ್ಕೋರ ಮುಖ ನೋಡಿದಳು, ಜೋರಾಗಿ ನಕ್ಕಳು. ಅಕ್ಕೋರು ಬ್ರೀದರ್ ಪೈಪಿನ ಕಥೆಯನ್ನೆಲ್ಲ ಹೇಳಿದರು. ಮೊದಲು ಕಂಡುಹಿಡಿದದ್ದು ನೀನೇ ಎಂಬುದನ್ನು ಮ್ಯಾನೇಜರಿಗೆ ಕೇಳಿಸುವಂತೆ ಹೇಳಿದರು.

ಆ ಮಾತನ್ನು ಅಕ್ಕೋರು ಅಷ್ಟಕ್ಕೇ ಬಿಡಲಿಲ್ಲ. ಹಿಂದಕ್ಕೆ ಚಿಮ್ಮಿದ ಪೆಟ್ರೋಲೆಲ್ಲ ಅವಳ ಚರ್ಮದ ಮೇಲೆ ಬಿದ್ದಿತ್ತೆಂಬುದು ಅವರನ್ನು ಕಾಡುತ್ತಿತ್ತು. ಪೆಟ್ರೋಲಿನಲ್ಲಿ ಬೆಂಜೀನ್ ಇರುತ್ತದೆ. ಭಾರತದಲ್ಲಿ ಅದು ಶೇ. 1ನ್ನು ಮೀರಬಾರದೆಂಬ ಮಿತಿಯಿದೆ. ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆಂದು ನಿಶ್ಚಿತವಾದ ವಸ್ತುಗಳ ಮೊದಲ ಗುಂಪಿನಲ್ಲೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಸೇರಿಸಿದೆ. ಗಿರಾಕಿ ಐದು ನಿಮಿಷ ನಿಂತು ಹೋಗುತ್ತಾನೆ, ಗನ್ ಹಿಡಿದವರು ಇಡೀ ದಿನ ಆ ಆವಿಯಲ್ಲೇ ನಿಂತಿರುತ್ತಾರೆ. ಉಗುಳುವ ಕಾರನ್ನು ರಿಪೇರಿ ಮಾಡಿಸುವುದು ಮಾಲೀಕರ ಅನುಕೂಲದ ವಿಷಯ ಮಾತ್ರವಲ್ಲ, ಎದುರಿಗೆ ನಿಂತವರ ಆರೋಗ್ಯದ ವಿಷಯ ಎಂದು ಅವರು ಕಾರಿರುವ ಸಹೋದ್ಯೋಗಿಗಳಿಗೆಲ್ಲ ಹೇಳತೊಡಗಿದರು. ಕಟ್ ಆದ ಮೇಲೆ ಇನ್ನಷ್ಟು ಒತ್ತಿ ಎಂದು ಯಾರನ್ನೂ ಕೇಳಬೇಡಿ ಎಂದೂ ಹೇಳುತ್ತಿದ್ದರು.

ತರಗತಿಯಲ್ಲಿ ಗಾಳಿಗೆ ಜಾಗ ಬೇಕು ಎಂಬುದನ್ನು ಮೊದಲಿನಿಂದಲೂ ಅವರು ಬಾಟಲಿ ಮತ್ತು ಆಲಿಕೆಯಿಂದ ತೋರಿಸುತ್ತಿದ್ದರು. ಬಾಟಲಿಯ ಬಾಯಿಗೆ ಆಲಿಕೆ ಇಟ್ಟು ಸುತ್ತ ಜೇಡಿಮಣ್ಣು ಮೆತ್ತಿದರೆ ನೀರು ಇಳಿಯದೆ ಆಲಿಕೆಯಲ್ಲೇ ನಿಲ್ಲುತ್ತದೆ, ಮಣ್ಣಿಗೆ ಸೂಜಿಯಿಂದ ತೂತು ಮಾಡಿದರೆ ಗುಳುಗುಳು ಇಳಿಯುತ್ತದೆ. ಕಾರು ರಿಪೇರಿಯಾದ ಮೇಲೆ ಆ ಪಾಠಕ್ಕೆ ಒಂದು ರಬ್ಬರ್ ಪೈಪ್ ಸೇರಿತು. ಮಣ್ಣಿನಲ್ಲಿ ಪೈಪ್ ಸಿಕ್ಕಿಸಿ ನೆಟ್ಟಗೆ ಹಿಡಿದರೆ ನೀರು ಸರಾಗ ಇಳಿಯುವುದು, ನಡುವೆ ಬಾಗಿಸಿ ಬಾಗಿಗೆ ನೀರು ಹನಿಸಿದರೆ ತಡವರಿಸುವುದು. ಪೈಪ್ ಎತ್ತಿ ಹಿಡಿಯಲು ಮಕ್ಕಳು ಪೈಪೋಟಿ ನಡೆಸುತ್ತಿದ್ದರು. ಮೇಸ್ತ್ರಿ ಹಾಳಾದ ಗನ್ನೊಂದನ್ನು ಎಲ್ಲಿಂದಲೋ ಸಂಪಾದಿಸಿ, ಗರಗಸದಿಂದ ಸೀಳಿ, ಒಳಗಿನ ಪೊರೆ ಕೊಂಡಿಗಳೆಲ್ಲ ಕಾಣುವಂತೆ ಮಾಡಿ ಶಾಲೆಗೆ ಕೊಟ್ಟರು.

ಫೆಬ್ರುವರಿ 28ರ ವಿಜ್ಞಾನ ದಿನಕ್ಕೆ ಅದನ್ನು ವಿವರಿಸಲು ಅಕ್ಕೋರು ಕರೆದದ್ದು ಬಂಕಿನ ಆ ಹೆಂಗಸನ್ನೇ. ಅವಳು ಮೊದಲು ಹಿಂಜರಿದಳು, ಆಮೇಲೆ ಗನ್ ಕೈಗೆ ಬಂದದ್ದೇ ಮಾತು ಸರಾಗವಾಯಿತು. ತೂತು ಎಲ್ಲಿದೆ, ಹಿಡಿ ಎಷ್ಟು ಒತ್ತಬೇಕು, ಕಟ್ ಆಗುವಾಗ ಬೆರಳಿಗೆ ಹೇಗೆ ಗೊತ್ತಾಗುತ್ತದೆ, ಎಲ್ಲವನ್ನೂ ತೋರಿಸಿದಳು. ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ಎದ್ದು ಕೇಳಿದಳು: ತಮ್ಮ ಮನೆಯ ಡೀಸೆಲ್ ಜೀಪಿನ ಪೈಪಿಗೆ ಏನೂ ಆಗಿಲ್ಲ, ಆದರೂ ತುಂಬುವ ಮೊದಲೇ ಯಾಕೆ ಕಟ್ ಆಗುತ್ತದೆ?

"ಡೀಸೆಲ್ಲಿಗೆ ನೊರೆ ಜಾಸ್ತಿ" ಎಂದಳು ಅವಳು. "ನೊರೆ ಮೇಲೆ ಬಂದು ತೂತು ಮುಚ್ತದೆ. ಸ್ವಲ್ಪ ಕಾದ್ರೆ ಇಳೀತದೆ, ಆಮೇಲೆ ಇನ್ನಷ್ಟು ಹಿಡೀತದೆ. ಅದಕ್ಕೇ ನಾನು ಡೀಸೆಲ್ ಗಾಡಿಗೆ ಕೊನೆಗೆ ನಿಧಾನ ಬಿಡೂದು."

ಅಕ್ಕೋರ ಪಾಠದ ಟಿಪ್ಪಣಿಯಲ್ಲಿ ನೊರೆಯ ವಿಷಯ ಇರಲಿಲ್ಲ. ಮುಂದಿನ ವರ್ಷದಿಂದ ಅದೂ ಪಾಠಕ್ಕೆ ಸೇರಿತು, ಸೋಪಿನ ನೀರು ತುಂಬಿದ ಇನ್ನೊಂದು ಬಾಟಲಿಯ ಜೊತೆಗೆ.